ಹುಸೇನಬಿ ಪುಟದಲ್ಲಿ ಸಿಕ್ಕ ದಿನ

ನಮ್ಮೂರಿನಲ್ಲಿ ಫೋಟೊ ಹಿಡಿದುಕೊಂಡು ಅಂಗಡಿಗೆ ಬಂದವರನ್ನು ನಾನು ಮೊದಲು ಕೇಳುವುದು ಹೆಸರನ್ನಲ್ಲ. ‘ಒಲಿ ಆರಿಸಿ ಬಂದೀರೇನು?’ ಎಂದು ಕೇಳುತ್ತೇನೆ. ಆಮೇಲೆ ಎಮ್ಮೆ ಹಿಂಡುವುದು ಆಯಿತೇ, ನಳ ಬಂದ್ ಮಾಡಿದ್ದೀರಾ, ಕೂಸನ್ನು ಯಾರ ಕೈಯಲ್ಲಿ ಕೊಟ್ಟು ಬಂದಿರಿ, ಇವೆಲ್ಲ ವಿಚಾರಿಸುತ್ತೇನೆ. ಎಲ್ಲವೂ ಸರಿಯಿದೆ ಎಂದ ಮೇಲೆ ಅವರನ್ನು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರಿಸಿ, ಕಂಪ್ಯೂಟರಿನ ಮುಂದೆ ಕೂತು, ಅವರ ಫೋಟೊವನ್ನು ಪುಟದೊಳಗೆ ಇಡುತ್ತೇನೆ. ಮದುವೆಯ ಪತ್ರಿಕೆ ಇರಲಿ, ಬ್ಯಾನರ್ ಇರಲಿ, ಸಂಘದ ವರದಿ ಇರಲಿ, ಪದ್ಧತಿ ಒಂದೇ. ಯಾಕೆಂದರೆ ಫೋಟೊ ಇಡುವ ಹೊತ್ತಿಗೆ ಕಂಪ್ಯೂಟರ್ ಹ್ಯಾಂಗ್ ಆದರೆ ಫೋಟೊದಲ್ಲಿ ಇರುವವರೂ ಇದ್ದಲ್ಲೇ ನಿಂತುಬಿಡುತ್ತಾರೆ. ಅದು ಬಿಟ್ಟಾಗ ಇವರೂ ಬಿಡುಗಡೆಯಾಗುತ್ತಾರೆ. ಇದಕ್ಕೆ ನಮ್ಮ ಕಡೆ ‘ಪುಟದಾಗ ಸಿಗೋದು’ ಅನ್ನುತ್ತಾರೆ.

ಸಿಕ್ಕವರಿಗೆ ನೋವಿಲ್ಲ, ಹಸಿವಿಲ್ಲ. ಒಂದು ಸಲ ರೆಪ್ಪೆ ಬಡಿದಷ್ಟೇ ಅನಿಸುತ್ತದಂತೆ. ಬೀದಿಯಲ್ಲಿ ಯಾರಾದರೂ ಒಂದು ಕಾಲು ಎತ್ತಿಕೊಂಡು ನಿಂತಿದ್ದರೆ ಹೋಗಿ ಬರುವವರು ಗಾಬರಿಯಾಗುವುದಿಲ್ಲ. ಬಿಸಿಲಿದ್ದರೆ ತಲೆಯ ಮೇಲೊಂದು ಕೊಡೆ ಸಿಕ್ಕಿಸುತ್ತಾರೆ, ನೊಣ ಕೂತರೆ ಓಡಿಸುತ್ತಾರೆ. ಸಿಕ್ಕವರ ಜೇಬಿಗೆ ಕೈ ಹಾಕುವಂತಿಲ್ಲ, ಮೀಸೆ ಎಳೆಯುವಂತಿಲ್ಲ. ಬಸ್ ಡ್ರೈವರುಗಳು ವಾರದ ರಜೆಯ ದಿನ ಮಾತ್ರ ಫೋಟೊ ಕೊಡಬೇಕು. ಚುನಾವಣೆ ಬಂತೆಂದರೆ ಎದುರಾಳಿಯ ಫೋಟೊ ತಂದುಕೊಟ್ಟು, ‘ಇದನ್ನ ಸಾವಕಾಶ ಇಡ್ರಿ ಸಂಗಣ್ಣ, ಅವಸರ ಇಲ್ಲ’ ಎಂದು ಕಣ್ಣು ಮಿಟುಕಿಸುವವರೂ ಇದ್ದಾರೆ. ಅಂಥವರಿಗೆ ನಾನು ಬೆಂಚು ತೋರಿಸಿ, ‘ನಿಮ್ಮದೂ ಒಂದು ಫೋಟೊ ಕೊಡ್ರಿ’ ಅನ್ನುತ್ತೇನೆ. ಫೋಟೊ ಎತ್ತಿಕೊಂಡು ಹೋಗುತ್ತಾರೆ.

ಕರೆಂಟ್ ತೆಗೆದರೆ ಸಿಕ್ಕವರು ತಕ್ಷಣ ಎದ್ದೇಳುತ್ತಾರೆ, ನಿಜ. ಆದರೆ ಹಾಗೆ ಮಾಡಬಾರದೆಂದು ಸಿಂಪಿಗ ವೀರಭದ್ರಪ್ಪನಿಂದ ಕಲಿತೆ. ಆಗ ನಾನು ಅಂಗಡಿ ತೆರೆದ ಹೊಸತು. ಅವನು ಸಿಕ್ಕಿ ಐದು ನಿಮಿಷವಾದರೂ ಅಲ್ಲಾಡದ್ದನ್ನು ನೋಡಿ ಹೆದರಿ ಪ್ಲಗ್ಗನ್ನೇ ಕಿತ್ತೆ. ಅವನು ಎದ್ದ, ನಕ್ಕ, ನಮಸ್ಕಾರ ಹೇಳಿ ಹೋದ. ಆದರೆ ಮೂರು ದಿನ ಅವನಿಗೆ ಎಡ ಯಾವುದು, ಬಲ ಯಾವುದು ತಿಳಿಯಲಿಲ್ಲ. ಹನ್ನೊಂದು ಅಂಗಿಗಳಿಗೆ ಎರಡೆರಡೂ ಬಲತೋಳುಗಳನ್ನೇ ಹೊಲಿದ. ತನ್ನ ಮನೆಯೆಂದು ಎದುರು ಮನೆಗೆ ಹೋಗಿ ಉಂಡು ಮಲಗಿದ. ಪ್ಲಗ್ಗಿನ ಮಾತು ಬಿಡಿ, ಹ್ಯಾಂಗ್ ಆದ ತಂತ್ರಾಂಶವನ್ನು ಬಲವಂತದಿಂದ ಮುಚ್ಚಿದರೂ ಅದೇ ಗತಿ. ಅಲ್ಲಿಂದಾಚೆಗೆ ಯಾರು ಸಿಕ್ಕರೂ ಕೈಕಟ್ಟಿ ಕಾಯುವುದೇ ನನ್ನ ಪದ್ಧತಿ. ಹೆಚ್ಚೆಂದರೆ ಒಂದು ನಿಮಿಷ, ಎರಡು ನಿಮಿಷ. ಕಾಯುವುದು ಯಾರಿಗೂ ಭಾರವಾಗಿರಲಿಲ್ಲ.

ಭಾರವಾದದ್ದು ಈ ಎರಡು ವಾರಗಳಿಂದ. ಒಂದು ನಿಮಿಷ ಇದ್ದದ್ದು ಹತ್ತಾಯಿತು, ಹತ್ತು ಇದ್ದದ್ದು ನಲವತ್ತಾಯಿತು. ಶಾಲೆಯ ಹೆಡ್‌ಮಾಸ್ತರರು ಬೆಂಚಿನ ಮೇಲೆ ಆಕಳಿಸುತ್ತಲೇ ಸಿಕ್ಕು, ತೆರೆದ ಬಾಯಿ ಮುಚ್ಚುವಷ್ಟರಲ್ಲಿ ಶಾಲೆಯೇ ಬಿಟ್ಟಿತ್ತು. ಒಬ್ಬ ಮದುಮಗ ಮುಕ್ಕಾಲು ತಾಸು ಸಿಕ್ಕು, ಹುಡುಗಿಯ ಕಡೆಯವರು ಬಂದು ನೋಡಿ, ‘ಇಷ್ಟು ಶಾಂತ ಹುಡುಗ ನಮಗ ಎಲ್ಲಿ ಸಿಗಬೇಕು’ ಎಂದು ಸಂತೋಷಪಟ್ಟು ಹೋದರು. ಊರಿನವರೆಲ್ಲ ಬೆರಳು ಮಾಡಿದ್ದು ಫೋಟೊಗ್ರಾಫರ್ ರುದ್ರಯ್ಯನ ಕಡೆಗೆ. ಆ ವಾರವೇ ಅವನು ಹೊಸ ಕ್ಯಾಮೆರಾ ತಂದಿದ್ದ. ಅದರಲ್ಲಿ ತೆಗೆದ ಫೋಟೊ ಎಷ್ಟು ದೊಡ್ಡದೆಂದರೆ, ಒಂದು ಮುಖವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ‘ಅಷ್ಟು ಭಾರದ್ದು ಹೊತ್ಕೊಂಡು ಪಾಪ ಕಂಪ್ಯೂಟರ್ ಏನ್ ಮಾಡೀತು’ ಎಂದು ನಾನೂ ಅಂದಿದ್ದೆ. ರುದ್ರಯ್ಯ ಬೀದಿಯಲ್ಲಿ ಗೋಡೆಯ ಪಕ್ಕದಲ್ಲೇ, ತಲೆ ತಗ್ಗಿಸಿಕೊಂಡು ಓಡಾಡತೊಡಗಿದ್ದ.

ಹೀಗಿರುವಾಗ ಸೂಲಗಿತ್ತಿ ಹುಸೇನಬಿಗೆ ಪುರಸಭೆಯಿಂದ ಸನ್ಮಾನವೆಂದು ನಿರ್ಧಾರವಾಯಿತು. ಅರ್ಧ ಊರನ್ನು ಮೊದಲು ಮುಟ್ಟಿದ್ದು ಅವರ ಕೈ. ನನ್ನ ಮಗಳು ಶಶಿಕಲಾ ಹುಟ್ಟಿದ್ದೂ ಅವರ ಕೈಯಲ್ಲೇ. ಈಗ ಅದೇ ಶಶಿ ದಿನ ತುಂಬಿದ ಹೊಟ್ಟೆ ಹೊತ್ತು ತವರಿಗೆ ಬಂದಿದ್ದಳು. ಹೊಳೆಯಾಚೆಯ ದೊಡ್ಡ ಆಸ್ಪತ್ರೆಗೆ ಬಸ್ಸಿನಲ್ಲಿ ಎರಡು ತಾಸು. ವಾರ ಮೊದಲೇ ಅಲ್ಲಿಗೆ ಹೋಗಿ ಇದ್ದುಬಿಡುವುದೆಂದು ಮಾತಾಗಿತ್ತು.

ಸನ್ಮಾನದ ಹಿಂದಿನ ದಿನ ಬೆಳಿಗ್ಗೆ, ಹತ್ತು ಹೊಡೆಯುವಾಗ, ಹುಸೇನಬಿ ಅಂಗಡಿಗೆ ಬಂದರು. ಎಪ್ಪತ್ತು ದಾಟಿದ ಜೀವ. ಹಸಿರು ಸೀರೆ, ಎಲೆ ಅಡಿಕೆಯಿಂದ ಕೆಂಪಾದ ತುಟಿ, ಗದ್ದದ ಮೇಲೆ ಹೆಸರುಕಾಳಿನಷ್ಟು ದೊಡ್ಡ ಮಚ್ಚೆ.

‘ಒಲಿ ಆರಿಸಿ ಬಂದೀರೇನು, ಆಯಿ?’ ಎಂದೆ.

‘ಒಲಿ ಹಚ್ಚೇ ಇಲ್ಲೋ ಸಂಗ್ಯಾ. ಚಾ ನಿನ್ನ ಅಂಗಡ್ಯಾಗ ಕುಡಿದ್ರ ಆತು ಅಂತ ಬಂದೀನಿ.’

‘ಇವತ್ತ ಯಾರರೆ ಬ್ಯಾನಿ ತಿನ್ನೋರು?’

‘ಹಾದಿಮನಿ ಸೊಸಿಗೆ ಇನ್ನ ನಾಕ ದಿನ. ನಿನ್ನ ಮಗಳಿಗೆ ಹತ್ತು. ಇವತ್ತ ನಾ ಖಾಲಿ. ತಾಸೊತ್ತು ಸಿಕ್ಕೊಂಡ್ರೂ ಚಿಂತಿಲ್ಲ, ಕಾಲಿಗೆ ಆರಾಮ ಆಕ್ಕೈತಿ.’ ಬೆಂಚಿನ ಮೇಲೆ ಕಾಲು ನೀಡಿ ಕೂತರು. ‘ಮತ್ತ ಮಚ್ಚಿ ಅಳಸಬ್ಯಾಡ ನೋಡು. ಕೂಸುಗಳು ಮೊದಲು ಅದನ್ನ ನೋಡೇ ನಗತಾವ.’

ಎದುರಿನ ಹೋಟೆಲಿನಿಂದ ಚಹಾ ಬಂತು. ಅವರು ಕಪ್ಪಿನಿಂದ ಬಸಿಗೆ ಸುರುವಿಕೊಂಡು, ಬಲಗೈಯಲ್ಲಿ ತುಟಿಯ ಹತ್ತಿರಕ್ಕೆ ಎತ್ತಿ, ಊದಲು ಬಾಯಿ ಗುಂಡಗೆ ಮಾಡಿದರು. ನಾನು ಅವರ ಫೋಟೊವನ್ನು ಸನ್ಮಾನದ ಬ್ಯಾನರಿನ ಪುಟಕ್ಕೆ ಇಟ್ಟೆ. ಬಾಣದ ಗುರುತು ಹೋಗಿ ಸುತ್ತುವ ಚಕ್ರ ಬಂತು. ತಿರುಗಿ ನೋಡಿದೆ. ಬಾಯಿ ಗುಂಡಗೇ ಇತ್ತು. ಬಸಿಯಿಂದ ಎದ್ದ ಹಬೆಯೂ ಒಂದು ಬಿಳಿ ಎಳೆಯಾಗಿ ಗಾಳಿಯಲ್ಲಿ ನಿಂತಿತ್ತು. ಸಿಕ್ಕವರ ಕೈಯಲ್ಲಿ ಏನಿದ್ದರೂ ಅದೂ ಅವರ ಜೊತೆಗೇ ನಿಲ್ಲುತ್ತದೆ, ಅದು ಅದರ ರೀತಿ.

ಇಪ್ಪತ್ತು ನಿಮಿಷವಾದ ಮೇಲೆ ಫೋನ್ ಬಂತು. ನನ್ನ ಹೆಂಡತಿ ಮಾದೇವಿ.

‘ರೀ, ಶಶಿಗೆ ಬ್ಯಾನಿ ಸುರು ಆಗ್ಯಾವ. ಹುಸೇನಬೀನ್ನ ಕಳಸ್ರಿ.’

‘ಇನ್ನ ಹತ್ತು ದಿನ ಐತಿ ಅಂದಿದ್ರಲ್ಲ?’

‘ಅದನ್ನ ನಿಮ್ಮ ಮೊಮ್ಮಗನಿಗೆ ಹೇಳ್ರಿ. ಆಯಿ ಮನಿಗೆ ಕೀಲಿ ಹಾಕೈತಿ. ನಿಮ್ಮ ಅಂಗಡಿಗೆ ಹೋಗ್ಯಾರ ಅಂದ್ರು.’

‘ಹೌದು, ಇಲ್ಲೇ ಅದಾರ.’ ಸುಳ್ಳೇನೂ ಆಗಿರಲಿಲ್ಲ.

‘ಮತ್ತ ಕಳಸ್ರಿ!’

‘ಚಾ ಕುಡ್ಯಾಕತ್ತಾರ.’ ಅದೂ ಸುಳ್ಳಲ್ಲ.

‘ಚಾ ಇಲ್ಲಿ ಬಂದು ಕುಡೀಲಿ!’ ಎಂದಳು ಮಾದೇವಿ. ಇಪ್ಪತ್ತೈದು ವರ್ಷ ನನ್ನ ಜೊತೆ ಬಾಳಿದವಳು. ದನಿ ಸಣ್ಣದು ಮಾಡಿ ಕೇಳಿದಳು: ‘ರೀ. ಫೋಟೊ ಇಟ್ಟೀರೇನು?’

‘ಇಪ್ಪತ್ತು ನಿಮಿಷ ಆತು’ ಎಂದೆ. ಮುಂದೆ ಅವಳು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಒಟ್ಟು ಅರ್ಥ ಇಷ್ಟು: ಬಸ್ಸು ಹೋಗಿಯಾಗಿದೆ, ಊರಿನ ದವಾಖಾನೆಯ ಡಾಕ್ಟರು ರಜೆಯಲ್ಲಿದ್ದಾರೆ, ಹೆರಿಗೆಯ ಬ್ಯಾನಿಗಳು ಒಂದರ ಹಿಂದೊಂದು ಬರುತ್ತಿವೆ, ಪ್ಲಗ್ಗಿಗೆ ಕೈ ಹಚ್ಚಿ ಎಡಬಲ ತಿಳಿಯದ ಸೂಲಗಿತ್ತಿಯನ್ನು ಕಳಿಸಿದರೆ ನಾನು ಮನೆಗೆ ಬರುವ ಅಗತ್ಯವಿಲ್ಲ.

ಐದು ನಿಮಿಷದಲ್ಲಿ ಅಂಗಡಿಯ ಮುಂದೆ ಮೂವತ್ತು ಜನ. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು. ಕೊನೆಗೆ ಹೋಟೆಲಿನ ಹೆಂಗಸೊಬ್ಬಳು ಎಲ್ಲರಿಗೂ ಒಪ್ಪುವ ಮಾತು ಹೇಳಿದಳು: ‘ಆಯೀನ್ನ ಹಿಂಗ ಎತ್ತಿ ಶಶಿ ಬಾಜೂಕ ಕುಂದ್ರಸೂಣು. ಬಿಟ್ಟ ತಕ್ಷಣ ಕೆಲಸಕ್ಕ ಹತ್ತಿದ್ರ ಆತಲ್ಲ.’ ಇದ್ದ ಹಾಗೇ, ಕಾಲು ನೀಡಿದ ಭಂಗಿಯಲ್ಲೇ, ಬೆಂಚಿನ ಸಮೇತ ಎತ್ತಿ ಹುಸೇನಬಿಯನ್ನು ಟಂಟಂ ಗಾಡಿಯ ಹಿಂದೆ ಏರಿಸಿದರು. ಅಕ್ಕಪಕ್ಕ ನಾಲ್ವರು ಹೆಂಗಸರು ಹಿಡಿದುಕೊಂಡರು. ಗಾಡಿ ಹೊರಳಿದಾಗ ಬಸಿ ಒಂದು ಕಡೆ ವಾಲಿತು, ಒಂದು ಹನಿ ಚಹಾ ಚೆಲ್ಲಲಿಲ್ಲ. ಬೀದಿಯುದ್ದಕ್ಕೂ ಜನ ಎದ್ದು ನಿಂತು ಕೈ ಮುಗಿದರು. ಸನ್ಮಾನ ಒಂದು ದಿನ ಮೊದಲೇ ಆದಂತಾಯಿತು.

ನಾನು ಮಾತ್ರ ಕಂಪ್ಯೂಟರಿನ ಮುಂದೆ ಉಳಿದೆ. ಚಕ್ರ ಸುತ್ತುತ್ತಲೇ ಇತ್ತು. ಒಳಗೊಳಗೆ ವಿಚಿತ್ರವಾಗಿ ನಗೆ ಉಕ್ಕುತ್ತಿತ್ತು. ಅಳುವುದೋ ನಗುವುದೋ ತಿಳಿಯದೆ ಮೂಗು ಒರೆಸಿಕೊಂಡೆ. ಅಷ್ಟರಲ್ಲಿ ರುದ್ರಯ್ಯ ಓಡಿಬಂದ.

‘ಸಂಗಣ್ಣ, ಈ ಕ್ಯಾಮೆರಾ ಹೊಳಿಗೆ ಒಗದು ಬರ್ಲೇನು?’

‘ಒಗದ್ರ ಇದು ಬಿಡತೈತೇನು? ಕುಂದ್ರು. ಖರೇ ಫೋಟೊ ಭಾರ ಆಗಿದ್ದಕ್ಕ ನಿಂತೈತೋ ಬ್ಯಾರೆ ಏನರೆ ಐತೋ ನೋಡೂಣು.’

ಅಂಗಡಿಯಲ್ಲಿ ಇನ್ನೊಂದು ಕಂಪ್ಯೂಟರಿತ್ತು, ಹಳೆಯದು. ಅದರಲ್ಲಿ ಇದೇ ತಂತ್ರಾಂಶ ತೆರೆದು ಖಾಲಿ ಪುಟ ಮಾಡಿದೆ. ಏನಾದರೂ ಸಣ್ಣ ಚಿತ್ರ ಇಟ್ಟು ನೋಡಬೇಕು. ಯಾರದು ಇಡುವುದು? ರುದ್ರಯ್ಯ ಎದೆ ಮುಟ್ಟಿಕೊಂಡು, ‘ನಂದು ಇಡ್ರಿ’ ಎಂದ. ಅವನೂ ನಿಂತರೆ ಮಾತಾಡಲು ನನಗೆ ಯಾರಿರುತ್ತಾರೆ? ಮದುವೆ ಪತ್ರಿಕೆಗಳಿಗೆ ಹಾಕುವ ತೆಂಗಿನಕಾಯಿಯ ಚಿತ್ರವೊಂದು ಇತ್ತು. ಹೆಬ್ಬೆರಳಿನ ಉಗುರಿನಷ್ಟು, ಒಂದು ಸಾಲು ಅಕ್ಷರದಷ್ಟು ಹಗುರ. ಅದನ್ನು ಇಟ್ಟೆ.

ಹ್ಯಾಂಗ್ ಆಯಿತು.

ಇಬ್ಬರೂ ಬಾಯಿ ಬಿಟ್ಟು ನೋಡಿದೆವು. ಊರಿನ ಯಾವ ತೆಂಗಿನಕಾಯಿ ಮರದಿಂದ ಬೀಳುತ್ತ ನಡುವೆ ನಿಂತಿತೋ ಗೊತ್ತಿಲ್ಲ. ರುದ್ರಯ್ಯನ ಮುಖ ಮಾತ್ರ ನಿಧಾನವಾಗಿ ಅರಳಿತು.

‘ಅಂದ್ರ, ಇಷ್ಟು ಸಣ್ಣ ಕಾಯಿಗೂ ನಿಂತೈತಿ ಅಂದ್ರ… ತಪ್ಪು ನನ್ನ ಕ್ಯಾಮೆರಾದ್ದಲ್ಲ!’ ಅವನು ಎದ್ದು ನನ್ನನ್ನು ಅಪ್ಪಿಕೊಂಡ. ಆಮೇಲೆ ಹಳೆಯ ಕಂಪ್ಯೂಟರನ್ನೂ ಅಪ್ಪಿಕೊಂಡ. ‘ಹದಿನಾಕ ದಿನ ಗೋಡಿ ಹಿಡದು ಅಡ್ಡಾಡೀನಿ ಸಂಗಣ್ಣ! ಹದಿನಾಕ ದಿನ!’

‘ಆಮ್ಯಾಲೆ ಕುಣಿ ಮಾರಾಯ. ಮತ್ತ ತಪ್ಪು ಯಾರದ್ದು?’

ಹಳೆಯ ಕಂಪ್ಯೂಟರಿನಲ್ಲಿ ಸಿಕ್ಕಿದ್ದು ಬರೀ ಕಾಯಿ. ಆದ್ದರಿಂದ ತಂತ್ರಾಂಶವನ್ನು ಬಲವಂತದಿಂದ ಮುಚ್ಚಿದೆ, ಮತ್ತೆ ತೆರೆದೆ. ಅಕ್ಷರ ಹೊಡೆದರೆ ಸರಾಗವಾಗಿ ಬಂದವು. ಗೆರೆ ಎಳೆದೆ, ಬಂತು. ಬಣ್ಣ ತುಂಬಿದೆ, ತುಂಬಿತು. ಚಿತ್ರ ಇಟ್ಟೊಡನೆ ಸ್ತಬ್ಧ. ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಮುಖ ಒಯ್ದು ಮೂಲೆಮೂಲೆ ನೋಡಿದೆ. ತೀರ ಕೆಳಗಡೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ವಾಕ್ಯ ಇತ್ತು. ಹದಿನೆಂಟು ವರ್ಷ ಈ ಕೆಲಸ ಮಾಡಿದ ನಾನು ಅದನ್ನು ಒಮ್ಮೆಯೂ ಓದಿರಲಿಲ್ಲ. ‘ಪ್ರಿಂಟರಿನ ಉತ್ತರಕ್ಕಾಗಿ ಕಾಯಲಾಗುತ್ತಿದೆ’ ಎಂದಿತ್ತು.

ನಾನು ಮೆಲ್ಲಗೆ ತಿರುಗಿ ಅಂಗಡಿಯ ಮೂಲೆಯ ಮೇಜನ್ನು ನೋಡಿದೆ. ಅದರ ಮೇಲೆ ಧೂಳಿಲ್ಲದ ಒಂದು ಚೌಕ. ಎರಡು ವಾರದ ಹಿಂದಿನವರೆಗೆ ಅಲ್ಲಿ ದೊಡ್ಡ ಹಳೇ ಪ್ರಿಂಟರ್ ಕೂತಿತ್ತು. ಹೊಸದು ಬಂದ ಮೇಲೆ ಅದನ್ನು ಬ್ಯಾಂಡ್ ಕಂಪನಿಯ ಪರಶುರಾಮಸಾನಿಗೆ, ಅವನ ಹಾಡುಗಳ ಸ್ವರ ಬರೆದ ಹಾಳೆ ಅಚ್ಚು ಹಾಕಿಕೊಳ್ಳಲಿ ಎಂದು ಕೊಟ್ಟುಬಿಟ್ಟಿದ್ದೆ.

‘ಅದು ಪ್ರಿಂಟರನ್ನ ಕೇಳಾಕತ್ತೈತೋ ರುದ್ರಯ್ಯ!’ ಎಂದೆ. ‘ಚಿತ್ರ ಬಂದೈತಿ, ಎಷ್ಟು ನುಣ್ಣಗ ಹೊಡೀತಿಯಪಾ, ಯಾವ ಬಣ್ಣ ಅದಾವು ನಿನ್ನ ಹಂತ್ಯಾಕ ಅಂತ ಕೇಳಾಕತ್ತೈತಿ. ಅದು ಇಲ್ಲೇ ಇಲ್ಲ! ಇದು ಕೇಳಿ ಕೇಳಿ, ಇವತ್ತ ಹೇಳೀತು, ನಾಳೆ ಹೇಳೀತು ಅಂತ ಕುಂತೈತಿ!’

ಹಳೆಯ ಕಂಪ್ಯೂಟರಿನಲ್ಲಿ ಮುಖ್ಯ ಪ್ರಿಂಟರ್ ಎಂದು ಇದ್ದ ಹೆಸರು ತೆಗೆದು ಹೊಸದರ ಹೆಸರು ಹಾಕಿ ಮತ್ತೆ ಕಾಯಿ ಇಟ್ಟೆ. ಟಪ್ಪನೆ ಬಂದು ಕೂತಿತು. ತೆಗೆದು ಇನ್ನೊಮ್ಮೆ ಇಟ್ಟೆ. ಟಪ್. ಸಂತೋಷಕ್ಕೆ ಏಳು ಕಾಯಿ ಇಟ್ಟೆ. ಏಳೂ ಟಪ್ ಟಪ್ ಎಂದು ಸಾಲಾಗಿ ಕೂತವು. ಆದರೆ ಹುಸೇನಬಿ ಸಿಕ್ಕ ಕಂಪ್ಯೂಟರಿನಲ್ಲಿ ಪ್ರಿಂಟರ್ ಬದಲಿಸುವ ಕಿಟಕಿಯೇ ತೆರೆಯಲೊಲ್ಲದು. ಒಂದು ಪ್ರಶ್ನೆ ಕೇಳಿ ಕೂತಿದೆ, ಉತ್ತರ ಬರುವ ತನಕ ಬೇರೆ ಮಾತು ಕೇಳುವುದಿಲ್ಲ. ಮೊದಲಿನವರನ್ನು ಬಿಟ್ಟಂತೆ ತಾನಾಗಿಯೇ ಬೇಸತ್ತು ಬಿಡಲು ಇನ್ನೆಷ್ಟು ಹೊತ್ತೋ. ಉತ್ತರ ಹೇಳಬೇಕಾದ್ದು ಆ ಹಳೇ ಪ್ರಿಂಟರೇ.

ಪರಶುರಾಮಸಾನಿಗೆ ಫೋನ್ ಮಾಡಿದೆ. ತಾಲೀಮು ನಡೆದಿತ್ತು. ಕಹಳೆ, ತಮಟೆ, ಡೋಲು ಎಲ್ಲ ಒಟ್ಟಿಗೆ ಕಿವಿಗೆ ನುಗ್ಗಿದವು.

‘ಪರಶುರಾಮಸಾ, ಪ್ರಿಂಟರ್ ಬೇಕು! ಪ್ರಿಂಟರ್!’

‘ಯಾರು? ಮಿನಿಸ್ಟರ್?’

‘ಮಿನಿಸ್ಟರ್ ಅಲ್ಲೋ, ಪ್ರಿಂಟರ್!’

‘ಮಿನಿಸ್ಟರ್ ಬರಾಕತ್ತಾರೇನ್ರಿ? ಎಷ್ಟೊತ್ತಿಗೆ? ಯಾವ ಹಾಡು ಬಾರಸ್ಬೇಕು?’

ಫೋನ್ ಜೇಬಿಗೆ ಹಾಕಿ ಇಬ್ಬರೂ ಓಡಿದೆವು. ಮೂರು ಓಣಿ ದಾಟಿ ಬ್ಯಾಂಡಿನವರ ಅಂಗಳಕ್ಕೆ ಮುಟ್ಟುವಾಗ ನನಗೆ ಉಸಿರೇ ಇರಲಿಲ್ಲ. ಹನ್ನೆರಡು ಜನ ಕೆಂಪು ಕೋಟು ತೊಟ್ಟು ಸಾಲಾಗಿ ನಿಂತಿದ್ದರು, ಮಿನಿಸ್ಟರಿಗೆ. ಏದುಸಿರು ಬಿಡುತ್ತ ನಡೆದದ್ದನ್ನು ಹೇಳಿದೆ. ಪರಶುರಾಮಸಾ ಮಾತು ಮುಗಿಯುವ ತನಕವೂ ಕಾಯಲಿಲ್ಲ. ಅವನನ್ನೂ, ಅವನ ಇಬ್ಬರು ತಮ್ಮಂದಿರನ್ನೂ ಹುಸೇನಬಿಯೇ ಹೆರಿಗೆ ಮಾಡಿಸಿದ್ದು.

‘ಎತ್ರೋ ಅದನ್ನ!’ ಎಂದ. ನಾಲ್ಕು ಜನ ಪ್ರಿಂಟರನ್ನು ಹೆಗಲ ಮೇಲೆ ಹೊತ್ತರು. ಅದರ ವಯರ್ ಎಲ್ಲಿ ಎಂದರೆ ಯಾರಿಗೂ ನೆನಪಿಲ್ಲ. ಹುಡುಕಿ ನೋಡಿದರೆ ದೊಡ್ಡ ಡೋಲನ್ನು ಹೆಗಲಿಗೆ ಕಟ್ಟಿಕೊಳ್ಳುವ ಹಗ್ಗ ಹರಿದಿತ್ತೆಂದು ಡೋಲಿನವನು ಅದನ್ನೇ ಬಿಗಿದುಕೊಂಡಿದ್ದ. ಬಿಚ್ಚಲು ಹೊತ್ತಿಲ್ಲ. ‘ಡೋಲು ಸಮೇತ ನಡಿ!’ ಎಂದ ಪರಶುರಾಮಸಾ.

ಸಂತೆಯ ದಿನ ಬೇರೆ. ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ‘ದಾರಿ ಬಿಡ್ರಿ’ ಎಂದರೆ ಯಾರು ಕೇಳುತ್ತಾರೆ? ‘ಬಾರಿಸಿಕೋತ ಹೋದ್ರ ಬಿಡ್ತಾರ’ ಎಂದು ಪರಶುರಾಮಸಾ ಕಹಳೆ ತುಟಿಗಿಟ್ಟ. ಮದುವೆಯ ಮೆರವಣಿಗೆಯ ಹಾಡು, ಅದೂ ಓಟದ ವೇಗದಲ್ಲಿ. ಜನ ಎರಡೂ ಕಡೆ ಸರಿದು ನಿಂತರು. ಪ್ರಿಂಟರಿನ ಮುಂದೆ ಒಂದಿಬ್ಬರು ಕುಣಿದರು ಕೂಡ. ಯಾರದು ಮದುವೆ, ವರ ಎಲ್ಲಿ ಎಂದು ಕೇಳುತ್ತಿದ್ದವರ ನಡುವೆ ನಾನು ಬೆವರು ಒರೆಸಿಕೊಳ್ಳುತ್ತ ಓಡುತ್ತಿದ್ದೆ. ಆಗ ಜೇಬಿನ ಫೋನ್ ನಡುಗಿತು. ಮಾದೇವಿಯಲ್ಲ, ಶಶಿ.

‘ಅಪ್ಪಾ, ಏನದು ಬ್ಯಾಂಡು?’

‘ಪ್ರಿಂಟರ್ ತರಾಕತ್ತೀವಿ ಮಗಳ. ನೀ ಹ್ಯಾಂಗ ಅದೀ?’

‘ಗಾಬರಿ ಆಗಬ್ಯಾಡ. ಆಯಿ ಬಾಜೂಕ ಕುಂತಾರ. ಒಂದು ಕೈಯಾಗ ಬಸಿ ಐತಿ. ಇನ್ನೊಂದು ಕೈ ನಾ ಹಿಡಕೊಂಡೀನಿ. ಬೆಚ್ಚಗೈತಿ.’ ಆಮೇಲೆ ಅವಳ ಉಸಿರು ಸಿಕ್ಕಿಕೊಂಡಿತು. ಹಲ್ಲು ಕಚ್ಚಿ ತಡೆದುಕೊಳ್ಳುವುದು ನನಗೆ ಕೇಳಿಸಿತು. ಬಹಳ ಹೊತ್ತು ಅನಿಸಿದ ಮೇಲೆ ಸಣ್ಣಗೆ ಅಂದಳು: ‘ಅಪ್ಪಾ, ಆದ್ರ ಒಂಚೂರು ಲಗೂನ ಮಾಡು.’

ಬ್ಯಾಂಡಿನ ಸದ್ದೆಲ್ಲ ಅಡಗಿಹೋದಂತಾಯಿತು ನನಗೆ. ಚಪ್ಪಲಿ ಎಲ್ಲಿ ಬಿಟ್ಟೆನೋ ತಿಳಿಯದು. ಅಂಗಡಿ ಮುಟ್ಟುವಾಗ ಬರಿಗಾಲಲ್ಲಿದ್ದೆ.

ಪ್ರಿಂಟರನ್ನು ಮೇಜಿನ ಮೇಲೆ, ಧೂಳಿಲ್ಲದ ಆ ಚೌಕದಲ್ಲೇ ಇಟ್ಟರು. ಡೋಲಿನವನನ್ನು ಮಧ್ಯೆ ನಿಲ್ಲಿಸಿ, ಇಬ್ಬರು ಅವನನ್ನು ಬುಗುರಿಯಂತೆ ತಿರುಗಿಸಿ ವಯರ್ ಬಿಚ್ಚಿದರು. ಒಂದು ತುದಿ ಕಂಪ್ಯೂಟರಿಗೆ, ಒಂದು ತುದಿ ಪ್ರಿಂಟರಿಗೆ. ಸ್ವಿಚ್ ಒತ್ತಿದೆ. ಅದು ಕೆಮ್ಮಿತು. ಒಳಗೆ ಏನೋ ಗರಗರ ಎಂದಿತು, ನಿಂತಿತು, ಮತ್ತೆ ಗರಗರ ಎಂದಿತು. ಕೇಸರಿ ದೀಪ ಹತ್ತಿತು. ಕೇಸರಿ ಅಂದರೆ ಇನ್ನೂ ಏನೋ ಕೊರತೆ.

‘ಹಾಳಿ ಇಲ್ಲ! ಹಾಳಿ ಹಾಕ್ರಿ!’ ಎಂದು ರುದ್ರಯ್ಯ ಕೂಗಿದ. ಹನ್ನೆರಡು ಜನ ಬ್ಯಾಂಡಿನವರು ಹನ್ನೆರಡು ಜೇಬುಗಳಿಂದ ಸ್ವರದ ಹಾಳೆ ತೆಗೆದು ಚಾಚಿದರು. ನಾನು ಪಕ್ಕದ ಕಟ್ಟಿನಿಂದ ಹಿಡಿಯಷ್ಟು ಬಿಳಿ ಹಾಳೆ ಎಳೆದು ತುರುಕಿದೆ. ದೀಪ ಕೇಸರಿಯಲ್ಲೇ ಎರಡು ಸಲ ಮಿಟುಕಿತು. ಆಮೇಲೆ ಹಸಿರಾಯಿತು.

ಮಾದೇವಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಚಕ್ರ ಸುತ್ತಿತು, ಇನ್ನೊಂದು ಸುತ್ತು ಸುತ್ತಿತು. ಮತ್ತೆ ಇದ್ದಕ್ಕಿದ್ದಂತೆ ಪುಟದ ಮೇಲೆ ಹಸಿರು ಸೆರಗಿನ ತುದಿ ಕಂಡಿತು. ಬಿಳಿ ಕೂದಲು ಬಂತು, ಹಣೆ ಬಂತು, ಹುಬ್ಬು, ಕಣ್ಣು, ಮೂಗು, ಪಟ್ಟಿ ಪಟ್ಟಿಯಾಗಿ ಇಳಿಯುತ್ತ ಇಳಿಯುತ್ತ ಕಡೆಗೆ ಗದ್ದದ ಮಚ್ಚೆಯೂ ಬಂದು ಕೂತಿತು.

ಫೋನಿನಲ್ಲಿ ‘ಫೂ’ ಎಂದು ಊದಿದ ಸದ್ದು. ಅದರ ಹಿಂದೆಯೇ ಸೊರ್ರನೆ ಒಂದು ಗುಟುಕು.

‘ಸಂಗ್ಯಾ, ನಿನ್ನ ಅಂಗಡಿ ಯಾಕೋ ಇಷ್ಟು ಕತ್ತಲಾತು?’ ಹುಸೇನಬಿಯ ದನಿ. ‘ಅಯ್ಯ, ಇದ್ಯಾರ ಮಂಚ? ಶಶೀ! ನೀ ಯಾವಾಗ ಬಂದಿ ಇಲ್ಲಿಗೆ?’

ಅಂಗಡಿಯಲ್ಲಿದ್ದ ಹದಿನಾಲ್ಕು ಜನ ಗಂಡಸರು ಒಂದೇ ಸಲಕ್ಕೆ ಕಿರಿಚಿದೆವು. ಆ ಕಡೆ ಹೆಂಗಸರು ಏನೇನೋ ಒಟ್ಟಿಗೆ ಹೇಳುತ್ತಿದ್ದರು. ಒಂದು ಕ್ಷಣ ಅಷ್ಟೇ. ಮುಂದಿನ ಕ್ಷಣ ಹುಸೇನಬಿಯ ದನಿಯೇ ಬೇರೆಯಾಗಿತ್ತು, ಗಟ್ಟಿ, ನಿಧಾನ.

‘ಮಾದೇವಿ, ಬಿಸಿನೀರು ತಾ. ನೀವು ಇಬ್ಬರು ಆಕಿ ಹಿಂದ ಕುಂದರ್ರಿ. ಶಶಿ, ನನ್ನ ಮಾರಿ ನೋಡು, ನಾ ಹೇಳಿದಾಗ ಮುಕ್ಕರಿಸು. ಗಂಡಸರು ಫೋನ್ ಇಡ್ರಿ.’

ಇಟ್ಟೆವು.

ಅದರ ಮುಂದಿನ ಅರ್ಧ ತಾಸು ನನ್ನ ಜೀವಮಾನದಲ್ಲೇ ಉದ್ದದ್ದು. ಮನೆ ಐದು ನಿಮಿಷದ ಹಾದಿ. ಆದರೆ ಹೋದರೆ ಅಂಗಳದಲ್ಲಿ ನಿಲ್ಲಿಸುತ್ತಾರೆ. ಅಲ್ಲಿ ನಿಂತು ಅವಳ ದನಿ ಕೇಳುವ ಎದೆಗಾರಿಕೆ ನನಗಿಲ್ಲ. ಬೆಂಚು ಮನೆಗೆ ಹೋಗಿದ್ದರಿಂದ ಎಲ್ಲರೂ ನೆಲದ ಮೇಲೆ ಕೂತೆವು. ಕೆಂಪು ಕೋಟಿನವರು ಟೊಪ್ಪಿಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ರುದ್ರಯ್ಯ ನನ್ನ ಬೆನ್ನು ನೀವುತ್ತಿದ್ದ. ನಾನು ಸುಮ್ಮನಿರಲಾರದೆ ಹಳೆಯ ಕಂಪ್ಯೂಟರಿನಲ್ಲಿ ಕಾಯಿ ಇಡುತ್ತ ಹೋದೆ. ಟಪ್, ಟಪ್, ಟಪ್. ಪುಟ ತುಂಬಿತು, ಇನ್ನೊಂದು ಪುಟ ತೆಗೆದುಕೊಂಡೆ.

ಫೋನ್ ಬಂತು. ಎತ್ತಿದೆ. ಮೊದಲು ಬಂದದ್ದು ಅಳು, ಹೊಸದು, ಸಿಟ್ಟಿನದು, ಇಡೀ ಓಣಿಗೆ ಕೇಳುವಂಥದ್ದು. ಆಮೇಲೆ ಮಾದೇವಿ, ಮೂಗು ಕಟ್ಟಿದ ದನಿಯಲ್ಲಿ: ‘ಹುಡುಗಿ ರೀ. ಇಬ್ಬರೂ ಆರಾಮ ಅದಾರ. ಬರ್ರಿ.’

ಪರಶುರಾಮಸಾ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದ್ದೇ ತಡ, ಹನ್ನೆರಡು ಜನರೂ ಕೂತಲ್ಲೇ ಬಾರಿಸಲು ಶುರುಮಾಡಿದರು. ವಯರ್ ಇಲ್ಲದ ಡೋಲನ್ನು ಇಬ್ಬರು ಎತ್ತಿ ಹಿಡಿದರು, ಮೂರನೆಯವನು ಬಡಿದ. ಆ ಸದ್ದು ಬೆನ್ನಿಗಿದ್ದಂತೆಯೇ ನಾನು ಸಂತೆಯೊಳಗೆ ನುಗ್ಗಿ, ಒಬ್ಬರ ಬುಟ್ಟಿ ಹಾರಿ, ಇನ್ನೊಬ್ಬರ ಆಡಿಗೆ ಡಿಕ್ಕಿ ಹೊಡೆದು, ಆಡಿಗೂ ‘ಹುಡುಗಿ! ಹುಡುಗಿ!’ ಎಂದು ಹೇಳಿ ಮನೆ ಸೇರಿದೆ.

ಒಳಗೆ ಹುಸೇನಬಿ ಕೈ ತೊಳೆದುಕೊಳ್ಳುತ್ತಿದ್ದರು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ‘ಖಾಲಿ ಅದೀನಿ ಅಂದ ದಿನಾನ ಎಲ್ಲಾ ಗದ್ದಲ ನಿಂದು’ ಎಂದು ಬೈದರು. ಶಶಿ ದಿಂಬಿಗೆ ಒರಗಿದ್ದಳು. ಕೂದಲು ಹಣೆಗೆ ಅಂಟಿತ್ತು, ಮುಖದ ತುಂಬ ನಗೆ. ನಾನು ಅವಳ ತಲೆಯ ಮೇಲೆ ಕೈ ಇಟ್ಟೆ. ‘ಪ್ರಿಂಟರ್ ಆಗಿತ್ತು ಮಗಳ’ ಎಂದೆ. ‘ಗೊತ್ತಾತು ಅಪ್ಪಾ’ ಎಂದಳು.

ಮಾದೇವಿ ಹಳೇ ಸೀರೆಯಲ್ಲಿ ಸುತ್ತಿದ ಕೂಸನ್ನು ತಂದು ನನ್ನ ಕೈಯಲ್ಲಿ ಇಟ್ಟಳು. ಅದು ಅಳು ನಿಲ್ಲಿಸಿತ್ತು. ಒಂದು ಕೈ ಸೀರೆಯ ಹೊರಗೆ ಬಂದು ಗಾಳಿಯಲ್ಲಿ ನಿಂತಿತ್ತು, ಬೆರಳುಗಳು ಬಿಚ್ಚಿದ್ದವು. ಕಣ್ಣು ಅರ್ಧ ತೆರೆದು ನನ್ನ ಕಡೆಗೇ ನೋಡುತ್ತಿತ್ತು. ನಾನೂ ನೋಡಿದೆ. ಅದು ರೆಪ್ಪೆ ಬಡಿಯಲಿಲ್ಲ. ತುಟಿ ಅಲ್ಲಾಡಲಿಲ್ಲ. ಒಂದು ಬೆರಳೂ ಕದಲಲಿಲ್ಲ.

ಕೂಸನ್ನು ಬಾಗಿಲ ಬೆಳಕಿಗೆ ಹಿಡಿದೆ.

‘ಯಾರು?’ ಎಂದು ಕೂಗಿದೆ. ‘ಯಾರು ಇದರ ಫೋಟೊ ಇಟ್ರು?’

ಎಲ್ಲರೂ ಬಾಗಿಲಿನ ಕಡೆ ತಿರುಗಿದರು. ಅಲ್ಲಿ ರುದ್ರಯ್ಯ ಏದುಸಿರು ಬಿಡುತ್ತ ನಿಂತಿದ್ದ. ಎರಡೂ ಕೈ ಮೇಲೆತ್ತಿ, ‘ನಾ ಇನ್ನ ಕ್ಯಾಮೆರಾ ಚೀಲದಿಂದ ತೆಗದೇ ಇಲ್ಲ!’ ಎಂದು ಬಡಕೊಂಡ.

ಶಶಿ ಹೊಟ್ಟೆ ಹಿಡಿದುಕೊಂಡಳು. ‘ಅಪ್ಪಾ, ನಗಸಬ್ಯಾಡ, ನೋಯ್ತೈತಿ!’ ಎನ್ನುತ್ತಲೇ ನಕ್ಕಳು. ಹುಸೇನಬಿ ಸೆರಗು ಬಾಯಿಗೆ ಒತ್ತಿಕೊಂಡು, ‘ಹುಟ್ಟಿ ಇನ್ನ ಘಳಿಗಿ ಆಗಿಲ್ಲ, ಜಗತ್ತು ನೋಡಾಕತ್ತೈತೋ ಹುಚ್ಚಪ್ಪ’ ಎಂದರು. ಅಷ್ಟರಲ್ಲಿ ನನ್ನ ಅಂಗಿಯ ತೋಳಿನೊಳಗೆ ಬೆಚ್ಚಗೆ ಏನೋ ಹರಿಯತೊಡಗಿತು. ತೋಳಿನಿಂದ ಮೊಣಕೈಗೆ, ಮೊಣಕೈಯಿಂದ ಧೋತರಕ್ಕೆ, ಧೋತರದಿಂದ ಬರಿಗಾಲಿಗೆ. ಕೂಸು ಒಂದು ಸಲ ಮೈ ನಡುಗಿಸಿ, ಮೂಗು ಸೊಟ್ಟ ಮಾಡಿ, ಸೀನಿತು.

‘ಕೊಡ್ರಿ ಇಲ್ಲಿ, ಎಲ್ಲಾ ತೊಯ್ಸಿತು’ ಎಂದು ಮಾದೇವಿ ಕೈ ಚಾಚಿದಳು.

ನಾನು ಕೊಡಲಿಲ್ಲ.